ಕಲ್ಲಿದ್ದಲಿನ ಊರಿನಲ್ಲಿ ಒಂದು ಬೆಂಕಿಕಡ್ಡಿ

ವಿಮಾನದಲ್ಲಿ

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಊಟವನ್ನು ಬೈಯುತ್ತಾರೆ. ನನಗೆ ಅದಕ್ಕೂ ಪುರಸೊತ್ತು ಸಿಗಲಿಲ್ಲ. ಪಕ್ಕದ ಸೀಟಿನಲ್ಲಿ ಶಾರದಮ್ಮ ಕೂತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಶುರುವಾದ ನಮ್ಮ ಜಗಳ ಸಮುದ್ರದ ಮೇಲೂ ಮುಂದುವರಿದಿತ್ತು.

ನನ್ನದೊಂದು ಸಣ್ಣ ಪ್ರೆಸ್ ಶೆಡ್. ತಗಡನ್ನು ಒತ್ತಿ ಕ್ಲಾಂಪು, ಬ್ರಾಕೆಟ್ಟು ಮಾಡುತ್ತೇವೆ. ನಮ್ಮಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಆ ಶೆಡ್ ನಿಂತಿದೆ. ಶಾರದಮ್ಮನವರದು ಅಲ್ಲಿಂದ ಎರಡು ರಸ್ತೆ ಆಚೆ ಗಾರ್ಮೆಂಟ್ಸ್ ಘಟಕ. ಸುತ್ತಲಿನ ಸಣ್ಣ ಘಟಕದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಎಲ್ಲರ ಚಾವಣಿಯ ಮೇಲೂ ಸೋಲಾರ್ ಹಾಕಿ, ಎಲ್ಲರಿಗೂ ಸೇರಿ ಒಂದು ದೊಡ್ಡ ಬ್ಯಾಟರಿ ಇಟ್ಟು, ಕಲ್ಲಿದ್ದಲಿನ ಕರೆಂಟನ್ನು ಆದಷ್ಟು ಬಿಡೋಣ ಎಂದು ಶಾರದಮ್ಮ ಸಂಘದ ಮುಂದೆ ಇಟ್ಟರು. ನಾನು ವಿರೋಧಿಸಿದೆ. ನನ್ನ ಗಂಟಲು ದೊಡ್ಡದು. ಅರ್ಧ ಸಂಘ ನನ್ನ ಹಿಂದೆ ಬಂತು, ಇನ್ನರ್ಧ ಅವರ ಹಿಂದೆ ನಿಂತಿತು.

ಆಗಲೇ ಜರ್ಮನಿಯ ಪೂರ್ವ ಭಾಗದ ಒಂದು ಸಣ್ಣ ಪಟ್ಟಣದಿಂದ ಕರೆ ಬಂತು. ಅದು ಕಲ್ಲಿದ್ದಲಿನ ಸೀಮೆ. ಆ ಪಟ್ಟಣಕ್ಕೆ ಕರೆಂಟನ್ನೂ ಚಳಿಗಾಲದ ಬಿಸಿಯನ್ನೂ ಕೊಡುವ ಹಳೆಯ ಕಲ್ಲಿದ್ದಲಿನ ಸ್ಥಾವರವನ್ನು ಉಳಿಸಿಕೊಳ್ಳುವುದೋ ಮುಚ್ಚುವುದೋ ಎಂದು ಅಲ್ಲಿಯೂ ಜಗಳ. ಬೇರೆ ದೇಶದಲ್ಲಿ ಇದೇ ಜಗಳ ಆಡುತ್ತಿರುವವರನ್ನು ಕರೆಸಿ ಮಾತು ಕೇಳೋಣ ಎಂದು ಅವರಿಗೆ ಅನಿಸಿತ್ತು. ಪರ ಒಬ್ಬರು, ವಿರೋಧ ಒಬ್ಬರು ಬನ್ನಿ ಎಂದರು. ನಾವು ವಾಪಸು ಬಂದು ವರದಿ ಕೊಟ್ಟ ಮೇಲೆಯೇ ತೀರ್ಮಾನ ಎಂದು ನಮ್ಮ ಸಂಘ ಹೇಳಿತು.

"ಗೌಡ್ರೇ, ಆ ಊರು ನೋಡೋಕ್ ಮುಂಚೆನೇ ನೀವು ತೀರ್ಮಾನ ಮಾಡ್ಬಿಟ್ಟಿದೀರಾ," ಎಂದರು ಶಾರದಮ್ಮ.

"ನೀವು ಮಾಡಿಲ್ವಾ?"

"ಮಾಡಿದೀನಿ. ಆದ್ರೆ ನಂದು ಸರಿ ಇದೆ."

ನನ್ನ ವಾದಕ್ಕೆ ಒಬ್ಬ ಸಾಕ್ಷಿಯಿದ್ದ. ಅವನ ಹೆಸರು ಮಲ್ಲಪ್ಪ. ಉತ್ತರ ಕರ್ನಾಟಕದಿಂದ ಬಂದು ನನ್ನ ಶೆಡ್ಡಿನಲ್ಲಿ ಪ್ರೆಸ್ ಓಡಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಅವನ ಪ್ರೆಸ್ಸು ಅರ್ಧ ಇಳಿದು ನಿಂತಿತು. ಸಿಕ್ಕಿಕೊಂಡ ತಗಡನ್ನು ತೆಗೆಯಲು ಅವನು ಕೈ ಹಾಕಿದ. ಅದೇ ಹೊತ್ತಿಗೆ ಕರೆಂಟು ಬಂತು. ಬಲಗೈಯ ಎರಡು ಬೆರಳು ಹೋದವು. ಆಮೇಲೆ ಅವನು ನನ್ನ ಶೆಡ್ಡಿನ ಒಳಗೆ ಕಾಲಿಡಲಿಲ್ಲ. ಶಾರದಮ್ಮ ತಮ್ಮಲ್ಲಿ ಗೇಟು ಮತ್ತು ಜನರೇಟರ್ ನೋಡಿಕೊಳ್ಳುವ ಕೆಲಸ ಕೊಟ್ಟರು.

ಅಂದಿನಿಂದ ನನಗೊಂದು ಚಟ ಅಂಟಿಕೊಂಡಿದೆ. ಎಲ್ಲೇ ಇರಲಿ, ದೀಪ ಮಿಣುಕಿದರೆ ಸಾಕು, ನನ್ನ ಕೈ ತಾನಾಗಿ ಹೋಗಿ ಮೇನ್ ಸ್ವಿಚ್ಚನ್ನು ಇಳಿಸುತ್ತದೆ. ಬೇರೆಯವರು ಮುಟ್ಟದಿರಲಿ ಎಂದು ಪೆಟ್ಟಿಗೆಯ ಬಾಗಿಲನ್ನೂ ಮುಚ್ಚುತ್ತದೆ. ಒಮ್ಮೆ ವಿಜಯನಗರದ ಕಲ್ಯಾಣ ಮಂಟಪದಲ್ಲಿ ಸರಿಯಾಗಿ ಮುಹೂರ್ತದ ಹೊತ್ತಿಗೆ ಹೀಗೆ ಮಾಡಿ, ಹೆಣ್ಣಿನ ಸೋದರಮಾವನಿಂದ ಬೈಸಿಕೊಂಡಿದ್ದೆ. ಸಂಘದಲ್ಲಿ ನಾನು ಹೇಳುತ್ತಿದ್ದುದು ಇಷ್ಟೇ. ಹೋಗಿ ಬಂದು ಆಟವಾಡುವ ಕರೆಂಟು ಮನುಷ್ಯನ ಕೈ ತಿನ್ನುತ್ತದೆ. ಮೋಡ ಬಂದರೆ ಮಾಯವಾಗುವ ಬಿಸಿಲನ್ನು ನಂಬಿ ಪ್ರೆಸ್ ಓಡಿಸಿದರೆ ಇನ್ನೆಷ್ಟು ಬೆರಳು ಹೋಗಬೇಕು.

"ಅವತ್ತು ಹೋಗಿದ್ದೂ ಕಲ್ಲಿದ್ದಲಿನ ಕರೆಂಟೇ ಅಲ್ವಾ ಗೌಡ್ರೇ?" ಎಂದು ಶಾರದಮ್ಮ ಪ್ರತಿ ಸಲ ಕೇಳುತ್ತಿದ್ದರು. ಅವರ ಸಾಕ್ಷಿಯೂ ಮಲ್ಲಪ್ಪನೇ. ಅವನ ಹುಟ್ಟೂರಿನ ಹತ್ತಿರ ಕಲ್ಲಿದ್ದಲು ಸುಡುವ ಸ್ಥಾವರವಿದೆ. ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಕೂರುತ್ತದಂತೆ, ಅವನ ತಾಯಿಗೆ ಕೆಮ್ಮು ಬಿಟ್ಟಿಲ್ಲವಂತೆ. "ಅವ್ನ ಊರಿಗೆ ಬೂದಿ, ನಿಮ್ಮ ಶೆಡ್ಡಿಗೆ ಕರೆಂಟು," ಎನ್ನುತ್ತಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಗಂಟಲು ಏರಿಸುತ್ತಿದ್ದೆ.

ಊವೆಯ ಮನೆ

ನಮ್ಮನ್ನು ಉಳಿಸಿಕೊಂಡವನ ಹೆಸರು ಊವೆ. ನನ್ನ ವಯಸ್ಸಿನವನೇ. ನಾಲ್ಕು ಮಾತಿಗೆ ಒಂದು ಮಾತು ಆಡುವ ಆಸಾಮಿ. ಆ ಸ್ಥಾವರದ ಬಾಯ್ಲರ್ ನೋಡಿಕೊಳ್ಳುತ್ತ ಆಯಸ್ಸು ಕಳೆದವನು. ಅವನ ಮಗಳು ಕಾತ್ರಿನ್ ಪಟ್ಟಣದ ಕಚೇರಿಯಲ್ಲಿ ಎಂಜಿನಿಯರ್. ಅಪ್ಪನ ಸ್ಥಾವರವನ್ನು ಮುಚ್ಚಿ ಬಿಸಿಲು, ಗಾಳಿ, ಬ್ಯಾಟರಿಗಳಿಂದ ಊರನ್ನು ನಡೆಸುವ ಯೋಜನೆ ಬರೆದವಳು ಅವಳೇ. ಇಬ್ಬರೂ ಒಂದೇ ಮನೆಯಲ್ಲಿ ಇದ್ದರು. ಊಟದ ಮೇಜಿನಲ್ಲಿ ಬೆಣ್ಣೆ ಕೊಡು, ಉಪ್ಪು ಕೊಡು ಎನ್ನುವುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ.

ಅಲ್ಲಿ ರಾತ್ರಿಯೂಟಕ್ಕೆ ಒಲೆ ಹಚ್ಚುವುದಿಲ್ಲ. ತಣ್ಣನೆಯ ಬ್ರೆಡ್ಡು, ಚೀಸು, ಸೌತೆಕಾಯಿ. ಶಾರದಮ್ಮ ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ನನ್ನ ಕಡೆ ತಳ್ಳಿದರು. ಜಗಳವಿದ್ದರೂ ಡಬ್ಬಿ ಇಬ್ಬರದೂ ಆಗಿತ್ತು. ಊವೆ ಅದನ್ನು ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದ, ಕಣ್ಣಲ್ಲಿ ನೀರು ಬಂತು, ಇನ್ನೊಮ್ಮೆ ಉದುರಿಸಿಕೊಂಡ. ಆ ಮನುಷ್ಯ ನನಗೆ ಇಷ್ಟವಾದದ್ದು ಅಲ್ಲಿಂದಲೇ.

ಎರಡನೆಯ ದಿನ ನಮ್ಮ ಸ್ವಾಗತಕ್ಕೆ ಒಂದು ಸಣ್ಣ ಸಭೆ ಇತ್ತು. ಶಾರದಮ್ಮ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದರು. ಮುಗಿಸಿದ ಕೂಡಲೇ ಎಲ್ಲರೂ ಬೆರಳಿನ ಗೆಣ್ಣಿನಿಂದ ಮೇಜನ್ನು ಟಕಟಕ ಕುಟ್ಟತೊಡಗಿದರು. ಸಾಕು ನಿಲ್ಲಿಸಿ ಎನ್ನುತ್ತಿದ್ದಾರೆ ಎಂದುಕೊಂಡು ನಾನು ಅವರ ಸೆರಗು ಹಿಡಿದು ಎಳೆದೆ. ಅಲ್ಲಿ ಅದು ಚಪ್ಪಾಳೆಯ ಬದಲು ಎಂದು ಕಾತ್ರಿನ್ ಬಿಡಿಸಿ ಹೇಳಿದಳು. ಶಾರದಮ್ಮ ಇಡೀ ದಿನ ನನ್ನನ್ನು ಆಡಿಕೊಂಡರು.

ಅವತ್ತು ಸಂಜೆ ಗುಡುಗು ಬಂದು ದೀಪ ಒಮ್ಮೆ ಮಿಣುಕಿತು. ನನ್ನ ಕೋಣೆಯ ಹೊರಗೇ ಸ್ವಿಚ್ಚಿನ ಪೆಟ್ಟಿಗೆ ಇತ್ತು. ಕೈ ಹೋಯಿತು, ಇಳಿಸಿತು, ಬಾಗಿಲು ಮುಚ್ಚಿತು. ಜೂನ್ ತಿಂಗಳಲ್ಲಿ ಅಲ್ಲಿ ಎಂಟು ದಾಟಿದರೂ ಬೆಳಕು ಹಾಗೇ ಇರುತ್ತದೆ, ದೀಪ ಹಾಕದೆಯೇ ಎಲ್ಲರೂ ಮಲಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ, ಊವೆ ಕಳೆದ ವರ್ಷ ಕಾಡಿನಲ್ಲಿ ಆರಿಸಿ ತಂದು ಫ್ರೀಜರಿನಲ್ಲಿ ಇಟ್ಟಿದ್ದ ಅಣಬೆಯೆಲ್ಲ ಕರಗಿ ನೀರು ಸುರಿಯುತ್ತಿತ್ತು. ಅವನು ಬೈಯಲಿಲ್ಲ. ದೊಡ್ಡ ಬಾಣಲೆ ಇಟ್ಟು ಎಲ್ಲವನ್ನೂ ಹುರಿದ. ಮೂರು ಹೊತ್ತು ನಾವು ಅಣಬೆಯನ್ನೇ ತಿಂದೆವು.

ಬಾಣಲೆಯ ಮುಂದೆ ನಿಂತು, ನನ್ನ ಶೆಡ್ಡಿನ ಇಂಗ್ಲಿಷಿನಲ್ಲಿ ಅವನಿಗೆ ಮಲ್ಲಪ್ಪನ ಕೈಯ ಕಥೆ ಹೇಳಿದೆ. ಅವನಿಗೂ ಅಷ್ಟೇ ಇಂಗ್ಲಿಷು ಬರುತ್ತಿದ್ದುದರಿಂದ ಚೆನ್ನಾಗಿ ಅರ್ಥವಾಯಿತು. "ಇಲ್ಲಿ ನಾವು ಕರೆಂಟು ಹೋಗಲು ಬಿಡುವುದಿಲ್ಲ," ಎಂದ. ಒಂದೇ ಮಾತು. ಅದರಲ್ಲಿ ಅವನ ಆಯಸ್ಸೇ ಇತ್ತು.

ಗುಂಡಿಯ ಅಂಚಿನಲ್ಲಿ

ಮೂರನೆಯ ದಿನ ಅಪ್ಪ, ಮಗಳು ಇಬ್ಬರೂ ನಮ್ಮನ್ನು ಕಲ್ಲಿದ್ದಲಿನ ಗಣಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಸಿಗ್ನಲ್. ಎಡಕ್ಕೆ ಗಾಡಿಯಿಲ್ಲ, ಬಲಕ್ಕೂ ಇಲ್ಲ, ದನ ನಾಯಿ ಏನೂ ಇಲ್ಲ. ಆದರೂ ಮೂವರು ಹಿರಿಯರು ಕೆಂಪು ದೀಪ ನೋಡುತ್ತ ರಸ್ತೆ ದಾಟದೆ ನಿಂತಿದ್ದರು. ಮಾಗಡಿ ರೋಡಿನಲ್ಲಿ ಹೀಗೆ ನಿಂತವನು ಸಂಜೆಯಾದರೂ ಆಚೆ ಬದಿ ಸೇರಲಾರ.

ಗಣಿ ಎಂದರೆ ಒಂದು ದೊಡ್ಡ ಗುಂಡಿ. ಬ್ಯಾಡರಹಳ್ಳಿಯಿಂದ ರಾಜಾಜಿನಗರದವರೆಗೆ ಇರುವುದನ್ನೆಲ್ಲ ತೆಗೆದು ನೆಲವನ್ನು ಕೆರೆದು ಹಾಕಿದರೆ ಹೇಗೋ ಹಾಗಿತ್ತು. ದೂರದಲ್ಲಿ ಒಂದು ಯಂತ್ರ ಮಣ್ಣು ಅಗೆಯುತ್ತಿತ್ತು. ಊವೆ ಗುಂಡಿಯ ನಡುವೆ ಬೆರಳು ತೋರಿಸಿ, "ಅಲ್ಲಿ ನಾನು ಹುಟ್ಟಿದ ಊರಿತ್ತು," ಎಂದ. ಬೆರಳು ತೋರಿಸಿದ ಕಡೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಚರ್ಚಿನ ಗಂಟೆಯನ್ನೂ ಸಮಾಧಿಗಳನ್ನೂ ಮೊದಲೇ ಬೇರೆಡೆಗೆ ಸಾಗಿಸಿದ್ದರಂತೆ. ನಮ್ಮಜ್ಜನ ಹೊಲವೂ ಈಗ ಕಾಣುವುದಿಲ್ಲ, ಆದರೆ ಅದರ ಮೇಲೆ ನಾನು ನಿಲ್ಲಬಹುದು. ಇವನಿಗೆ ಅದೂ ಇಲ್ಲ.

"ಊರನ್ನೇ ನುಂಗಿದ ಕಲ್ಲಿದ್ದಲಿನ ಪರ ಇವರು ಹೇಗೆ ಮಾತಾಡ್ತಾರೆ, ಕೇಳಿ," ಎಂದು ಶಾರದಮ್ಮ ಕಾತ್ರಿನ್‌ಳ ಕಿವಿಗೆ ಹೇಳಿದರು. ಊವೆಗೆ ಅದು ಕೇಳಿಸಿತು.

"ಊರು ಕೊಟ್ಟಾಗಿದೆ," ಎಂದ ಅವನು. "ಕೊಟ್ಟದ್ದು ವ್ಯರ್ಥವಾಯಿತು ಎಂದು ಈಗ ಹೇಳಬೇಕೇ?"

ಅಲ್ಲಿಂದ ಅಪ್ಪ, ಮಗಳ ನಡುವೆ, ನಮಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲೇ ಹತ್ತಿಕೊಂಡಿತು. ಡಿಸೆಂಬರಿನಲ್ಲಿ ಬಿಸಿಲೂ ಇಲ್ಲದ ಗಾಳಿಯೂ ಇಲ್ಲದ ವಾರಗಳು ಬರುತ್ತವೆ, ಆಗ ಮುದುಕರ ಕೋಣೆಗೆ ಬಿಸಿ ಎಲ್ಲಿಂದ ಕೊಡುತ್ತೀಯೆ ಎಂದು ಅವನು ಕೇಳಿದ. ಬೇಸಿಗೆಯ ಬಿಸಿನೀರನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಟ್ಟು, ಸಾಲದ ದಿನಗಳಿಗೆ ಮರದ ಚೂರು ಸುಟ್ಟು, ಉಳಿದ ಕರೆಂಟನ್ನು ಹೊರಗಿನ ತಂತಿಯಿಂದ ತರುತ್ತೇನೆ ಎಂದಳು ಅವಳು. ಮರ ಸುಟ್ಟರೆ ಹೊಗೆ ಬರುವುದಿಲ್ಲವೇ ಎಂದ. ಬರುತ್ತದೆ, ಆದರೆ ಊರು ನುಂಗುವುದಿಲ್ಲ ಎಂದಳು. ಇಬ್ಬರ ಮುಖವೂ ಕೆಂಪಾಗಿತ್ತು. ನನಗೂ ಶಾರದಮ್ಮನಿಗೂ ನಮ್ಮದೇ ಜಗಳವನ್ನು ಬೇರೆಯವರ ಬಾಯಲ್ಲಿ ಕೇಳಿ ಮುಜುಗರವಾಯಿತು.

ಮರುದಿನ ಸಂಜೆ ಊರಿನವರೆಲ್ಲ ಪುರಸಭೆಯ ಸಭಾಂಗಣದಲ್ಲಿ ಸೇರಿ ಕೈ ಎತ್ತಿ ಅಭಿಪ್ರಾಯ ಹೇಳುವುದೆಂದು ನಿಗದಿಯಾಗಿತ್ತು. ಹೆಚ್ಚು ಕೈ ಎದ್ದ ಕಡೆಗೇ ಪುರಸಭೆಯ ತೀರ್ಮಾನ. ವಾಪಸು ಬರುವಾಗ ಊವೆ ನನ್ನನ್ನು ಹಿಂದಕ್ಕೆ ಉಳಿಸಿಕೊಂಡು, "ನಾಳೆ ಆ ಕೈಯ ಕಥೆ ಹೇಳು. ಅಷ್ಟು ಸಾಕು," ಎಂದ. ಮನೆ ಸೇರಿದ ಮೇಲೆ ಕಾತ್ರಿನ್ ಬೇರೆಯಾಗಿ ಬಂದು, ನೀವು ನನ್ನ ವಿರೋಧಿ ಎಂದು ಗೊತ್ತು, ಬೇಕಾದ್ದು ಹೇಳಿ, ಆದರೆ ಇದ್ದದ್ದನ್ನು ಇದ್ದಹಾಗೆ ಹೇಳಿ ಎಂದಳು. ಹೇಳುತ್ತೇನೆ ಎಂದೆ. ಇದ್ದದ್ದನ್ನು ಇದ್ದಹಾಗೆ ಎಂಬ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಸಭೆಯ ಸಂಜೆ

ಸಭಾಂಗಣ ತುಂಬಿತ್ತು. ಒಂದು ಕಡೆ ಸ್ಥಾವರದ ಕೆಲಸದವರು, ಇನ್ನೊಂದು ಕಡೆ ಬಹುತೇಕ ಎಳೆಯರು. ನಡುವೆ ಯಾವ ಕಡೆಗೂ ಸೇರದ ಮುದುಕ ಮುದುಕಿಯರು. ಅವರ ಕೈಯಲ್ಲೇ ತೀರ್ಮಾನವಿತ್ತು.

ಕಾತ್ರಿನ್ ತಿಂಗಳುಗಟ್ಟಲೆ ಸಿದ್ಧ ಮಾಡಿದ್ದು ಒಂದು ಪ್ರಯೋಗ. ಸಭಾಂಗಣದ ಚಾವಣಿಯ ಮೇಲೆ ಸೋಲಾರ್, ಪಕ್ಕದ ಕೋಣೆಯಲ್ಲಿ ಬ್ಯಾಟರಿ. ಹೊರಗಿನ ಕರೆಂಟನ್ನು ಎಲ್ಲರ ಎದುರೇ ಕಡಿದು ಹಾಕುತ್ತೇನೆ, ಒಂದು ಗಳಿಗೆ ಕತ್ತಲಾಗುತ್ತದೆ, ತಕ್ಷಣ ಬ್ಯಾಟರಿಯಿಂದ ದೀಪ ಬರುತ್ತದೆ, ನೀವೇ ನೋಡಿ ಎಂದಳು. ಹೊರಗೆ ಇನ್ನೂ ಬಿಸಿಲಿದ್ದುದರಿಂದ ದಪ್ಪ ಪರದೆಗಳನ್ನು ಎಳೆದರು. ಬ್ಯಾಟರಿಯ ಕರೆಂಟೂ ದೀಪಗಳಿಗೆ ಹಾದು ಬರುವ ಮೇನ್ ಸ್ವಿಚ್ಚಿನ ಪೆಟ್ಟಿಗೆ ವೇದಿಕೆಯ ಪಕ್ಕದ ಗೋಡೆಯಲ್ಲಿತ್ತು, ಅದನ್ನು ಎಲ್ಲರಿಗೂ ಕಾಣಲೆಂದು ತೆರೆದಿಟ್ಟರು. ಅತಿಥಿಗಳ ಕುರ್ಚಿ ಇದ್ದದ್ದು ಅಲ್ಲೇ. ಪೆಟ್ಟಿಗೆಗೆ ಹತ್ತಿರದ ಕುರ್ಚಿ ನನ್ನದು.

ಹೊರಗಿನ ಕರೆಂಟು ಕಡಿಯುವ ಸ್ವಿಚ್ಚು ಹಿಡಿದು, ವೇದಿಕೆಯ ಇನ್ನೊಂದು ತುದಿಯಲ್ಲಿ ನಿಂತು ಅವಳು ಎಣಿಸಿದಳು. ಕತ್ತಲಾಯಿತು.

ಆ ಒಂದು ಗಳಿಗೆಯಲ್ಲಿ ನಾನು ಏನೂ ಯೋಚಿಸಲಿಲ್ಲ. ಎದ್ದದ್ದೂ ಗೊತ್ತಿಲ್ಲ. ಖಟ್ ಎಂಬ ಸದ್ದು ಕೇಳಿತು, ಬಾಗಿಲು ಮುಚ್ಚಿದ ಸದ್ದು ಕೇಳಿತು, ನಾನು ಮತ್ತೆ ಕುರ್ಚಿಯಲ್ಲಿ ಕೂತಿದ್ದೆ. ದೀಪ ಬರಲಿಲ್ಲ.

ಆಮೇಲೆ ಯಾರೋ ಕೆಮ್ಮಿದರು. ಸ್ಥಾವರದವರ ಕಡೆಯಿಂದ ಒಬ್ಬ ಏನೋ ಅಂದ, ನಗು ಎದ್ದಿತು. ಕಾತ್ರಿನ್ ಟಾರ್ಚು ಹಿಡಿದು ಪಕ್ಕದ ಕೋಣೆಗೆ ಓಡಿದಳು. ಬ್ಯಾಟರಿ ಸರಿಯಾಗಿಯೇ ಇತ್ತು, ಅವಳಿಗೆ ತಲೆಬುಡ ತಿಳಿಯಲಿಲ್ಲ. ಯಾರೋ ಪರದೆ ಸರಿಸಿದರು. ಬಿಸಿಲಿನಲ್ಲಿ ಅವಳ ಮುಖ ಕಂಡಿತು. ತುಟಿ ಕಚ್ಚಿಕೊಂಡಿದ್ದಳು. ನಡುವಿನ ಸಾಲಿನ ಒಬ್ಬ ಅಜ್ಜಿ ಪಕ್ಕದವಳ ಕಡೆ ಬಾಗಿ ತಲೆ ಅಲ್ಲಾಡಿಸಿದಳು. ಅಧ್ಯಕ್ಷತೆ ವಹಿಸಿದ್ದವನು ಗಡಿಯಾರ ನೋಡಿ, ಇನ್ನು ಕೈ ಎತ್ತಿಸೋಣ ಎಂಬಂತೆ ಎದ್ದು ನಿಂತ.

ಆಗ ನನಗೆ ಆ ಖಟ್ ಸದ್ದು ಎಲ್ಲಿಂದ ಬಂತೆಂದು ಗೊತ್ತಾಯಿತು.

ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ನಾನು ತಕ್ಷಣ ಏಳಲಿಲ್ಲ. ನಾನು ಬಯಸಿದ್ದೇ ಆಗುತ್ತಿತ್ತು. ಬ್ಯಾಟರಿಯನ್ನು ನಂಬಬಾರದು ಎಂದು ನಾನು ಗಂಟೆಗಟ್ಟಲೆ ಕೂಗಿ ಹೇಳಬೇಕಾದ್ದನ್ನು ಆ ಕತ್ತಲೆ ಒಂದೇ ಏಟಿಗೆ ಹೇಳಿತ್ತು. ಊರಿಗೆ ಹೋಗಿ, ನನ್ನ ಕಣ್ಣಾರೆ ಕಂಡೆ, ದೀಪ ಬರಲೇ ಇಲ್ಲ ಎಂದರೆ ಸಂಘ ನನ್ನ ಕಡೆಗೆ ಬೀಳುತ್ತಿತ್ತು. ಯಾರೂ ನೋಡಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ನಾನು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಸುಮ್ಮನೆ ಕೂತು ಗೆಲ್ಲುವುದು ನನಗೆ ಹೊಸದೂ ಆಗಿರಲಿಲ್ಲ.

"ಶಾರದಮ್ಮ," ಎಂದೆ. "ಅವ್ರಿಗೆ ನಿಲ್ಲೋಕ್ ಹೇಳಿ. ಮೇನ್ ಇಳಿಸಿದ್ದು ನಾನು."

ಅವರು ನನ್ನನ್ನು ದಿಟ್ಟಿಸಿದರು. "ಬೇಕು ಅಂತ್ಲಾ?"

"ಇಲ್ಲ. ಕೈ ಹೋಯ್ತು. ಹೇಳಿ."

ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಶಾರದಮ್ಮ ಅದನ್ನು ಇಂಗ್ಲಿಷಿಗೆ ತರುತ್ತಿದ್ದರು, ಕಾತ್ರಿನ್ ಜರ್ಮನಿನಲ್ಲಿ ಜನರಿಗೆ ಹೇಳುತ್ತಿದ್ದಳು. ಯಾರ ಪ್ರಯೋಗವನ್ನು ನಾನು ಕೆಡಿಸಿದ್ದೆನೋ ಅವಳೇ ನನ್ನ ತಪ್ಪನ್ನು ಊರಿಗೆ ಹೇಳಬೇಕಾಗಿತ್ತು. ಮೊದಲ ವಾಕ್ಯ ಕೇಳಿ ಅವಳ ದವಡೆ ಬಿಗಿಯಿತು. ಆದರೂ ಹೇಳಿದಳು. ಸಭೆಯಲ್ಲಿ ಗದ್ದಲ ಎದ್ದಿತು. ದೀಪ ಹೋದರೆ ಸ್ವಿಚ್ಚು ಯಾಕೆ ಇಳಿಸಬೇಕು, ಇದು ನಾಟಕ ಎಂದು ಒಬ್ಬ ಕೂಗಿದನಂತೆ. ಅದಕ್ಕೆ ನಾನು ಮಲ್ಲಪ್ಪನ ಕಥೆ ಶುರು ಮಾಡಿದೆ. ಕರೆಂಟು ಹೋದದ್ದು, ಪ್ರೆಸ್ಸು ಅರ್ಧ ಇಳಿದು ನಿಂತದ್ದು, ಕೈ ಹಾಕಿದ್ದು, ಕರೆಂಟು ಬಂದದ್ದು. ಹನ್ನೊಂದು ವರ್ಷದಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಕಥೆ. ಸಭೆ ಶಾಂತವಾಯಿತು.

ಸ್ಥಾವರದವರ ಸಾಲಿನಿಂದ ಊವೆ ಎದ್ದು ನಿಂತ. ನನ್ನ ಕಥೆ ಅವನ ಕಡೆಗೇ ಲಾಭವಾಗುವಂಥದು. ಆದರೆ ಅವನು ಯಂತ್ರದ ಮನುಷ್ಯ, ಕಥೆಯಲ್ಲಿ ಒಂದು ಕಡೆ ಅವನಿಗೆ ಲೆಕ್ಕ ಸಿಕ್ಕಿರಲಿಲ್ಲ.

"ಕರೆಂಟು ಬಂದ ಮಾತ್ರಕ್ಕೆ ಯಂತ್ರ ತಾನಾಗಿ ಶುರುವಾಗುವುದಿಲ್ಲ," ಎಂದ. "ಗುಂಡಿ ಒತ್ತಬೇಕು. ಯಾರು ಒತ್ತಿದರು?"

ಕಾಮಾಕ್ಷಿಪಾಳ್ಯದಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಪ್ರೆಸ್ಸಿನವರಿಗೆಲ್ಲ ಉತ್ತರ ಗೊತ್ತಿದ್ದುದರಿಂದ ಕೇಳಲಿಲ್ಲ, ಶಾರದಮ್ಮನಂಥವರಿಗೆ ಪ್ರಶ್ನೆಯೇ ಗೊತ್ತಿಲ್ಲದ್ದರಿಂದ ಕೇಳಲಿಲ್ಲ.

ಮೋಟಾರಿನ ಸ್ಟಾರ್ಟರಿಗೆ ಒಂದು ಹಸಿರು ಗುಂಡಿ ಇರುತ್ತದೆ. ಕರೆಂಟು ಹೋದರೆ ಸ್ಟಾರ್ಟರು ತಾನೇ ಬಿಟ್ಟುಕೊಳ್ಳುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವ ತನಕ ಯಂತ್ರ ಓಡುವುದಿಲ್ಲ. ಕೈ ಉಳಿಯಲಿ ಎಂದೇ ಹಾಗೆ ಮಾಡಿರುವುದು. ಆದರೆ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬಂದರೆ ಹತ್ತು ಸಲ ಎದ್ದು ಹೋಗಿ ಒತ್ತಬೇಕು, ಕೆಲಸ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಬೆಂಕಿಕಡ್ಡಿ ಮುರಿದು, ಹಸಿರು ಗುಂಡಿ ಒತ್ತಿದಂತೆಯೇ ಇರುವಹಾಗೆ ಸಂದಿಗೆ ಸಿಗಿಸಿಬಿಡುವುದು.

"ಕಡ್ಡಿ ಸಿಗ್ಸಿದ್ದೆ," ಎಂದೆ. "ನಾನೇ ಸಿಗ್ಸಿದ್ದೆ, ಶಾರದಮ್ಮ. ಅವತ್ತು ಬೆಳಿಗ್ಗೆ. ಕರೆಂಟಿನ ತಪ್ಪಲ್ಲ ಅದು."

ಶಾರದಮ್ಮ ಇಂಗ್ಲಿಷಿಗೆ ತರಲಿಲ್ಲ. ನನ್ನನ್ನೇ ನೋಡುತ್ತ ನಿಂತರು. ಇಡೀ ಸಭೆ ಅವರ ಬಾಯಿ ನೋಡುತ್ತಿತ್ತು.

"ಹನ್ನೊಂದು ವರ್ಷ ನನ್ನ ಮುಂದೆ ಏನ್ ಹೇಳ್ಕೊಂಡ್ ಬಂದ್ರಿ ಗೌಡ್ರೇ?"

"ಮೊದ್ಲು ಅವ್ರಿಗೆ ಹೇಳಿ. ಆಮೇಲೆ ಬೈಯಿರಿ."

ಅವರು ಹೇಳಿದರು. ಕಾತ್ರಿನ್ ತಲೆ ತಗ್ಗಿಸಿ ಜರ್ಮನಿನಲ್ಲಿ ಹೇಳಿದಳು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಆಗ ಎಲ್ಲಿಂದಲೋ ಮೇಜಿನ ಮೇಲೆ ಗೆಣ್ಣಿನ ಸದ್ದು ಕೇಳಿತು, ಟಕ್ ಟಕ್ ಎಂದು. ಕುಟ್ಟುತ್ತಿದ್ದವನು ಊವೆ. ಅವನೊಬ್ಬನೇ.

ಪರದೆ ಮತ್ತೆ ಎಳೆದರು. ಕಾತ್ರಿನ್ ಪೆಟ್ಟಿಗೆ ತೆರೆದು ಮೇನ್ ಏರಿಸಿ, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು. ಊವೆ ವೇದಿಕೆ ಹತ್ತಿ ಬಂದು ನನ್ನ ಪಕ್ಕ ಕೂತು, ನನ್ನ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡ. ಕತ್ತಲಾಯಿತು. ಕೈ ಎಳೆಯಿತು. ಅವನು ಬಿಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿದವು.

ಕೈ ಎತ್ತಿಸಿದರು. ಎರಡು ಸಲ ಎಣಿಸಬೇಕಾಯಿತು, ಅಷ್ಟು ಹತ್ತಿರವಿತ್ತು. ಕಾತ್ರಿನ್‌ಳ ಕಡೆಗೆ ಹೆಚ್ಚು ಕೈ ಇದ್ದವು. ಊವೆಯ ಕೈ ಅವುಗಳಲ್ಲಿ ಇರಲಿಲ್ಲ. ನನ್ನ ಮಣಿಕಟ್ಟು ಬಿಟ್ಟು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಮರುದಿನ ರೈಲು ನಿಲ್ದಾಣದಲ್ಲಿ ಅವನು ಹೇಳಿದ. "ನನ್ನ ಬೆಂಕಿಯ ವಿರುದ್ಧ ನಾನು ಕೈ ಎತ್ತಲಾರೆ. ಆದರೆ ಸುಳ್ಳು ಕತ್ತಲೆಯಿಂದ ಗೆಲ್ಲುವುದೂ ನನಗೆ ಬೇಡವಾಗಿತ್ತು." ಕಾತ್ರಿನ್ ಅಪ್ಪನ ತೋಳಿಗೆ ತೋಳು ತಾಗಿಸಿ ನಿಂತಿದ್ದಳು. ಅವರಿಬ್ಬರೂ ಆಮೇಲೆ ಮಾತಾಡಿದರೋ ಇಲ್ಲವೋ ನನಗೆ ತಿಳಿಯದು.

ಎರಡು ರಸ್ತೆ

ವಾಪಸು ಬರುವಾಗ ವಿಮಾನದಲ್ಲಿ ಶಾರದಮ್ಮ ಬೈಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತರು. ಬೈದಿದ್ದರೇ ವಾಸಿಯಿತ್ತು. ಬೆಂಗಳೂರಿನಲ್ಲಿ ಸಾಮಾನು ಎತ್ತಿಕೊಳ್ಳುವಾಗ ಒಂದೇ ಮಾತು ಹೇಳಿದರು. "ನಾನ್ ಹೇಳಲ್ಲ ಮಲ್ಲಪ್ಪಂಗೆ. ನೀವೇ ಹೇಳ್ಬೇಕು."

ಮರುದಿನ ಮಧ್ಯಾಹ್ನ ಹೋದೆ. ನನ್ನ ಶೆಡ್ಡಿನಿಂದ ಅವರ ಘಟಕಕ್ಕೆ ಎರಡು ರಸ್ತೆ. ಆ ಎರಡು ರಸ್ತೆ ನಡೆಯುವುದು ಜರ್ಮನಿಗಿಂತ ದೂರವಾಯಿತು. ಮಲ್ಲಪ್ಪ ಗೇಟಿನ ಪಕ್ಕ ಕೂತು, ಮೂರು ಬೆರಳಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ಶಾರದಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಕಡ್ಡಿಯದ್ದು, ಅಲ್ಲಿಯ ಸಭೆಯದ್ದು.

ಅವನು ಬಾಯಲ್ಲಿದ್ದ ತುತ್ತು ನುಂಗಿದ.

"ಕಡ್ಡಿ ಸಿಗಿಸಿದ್ದು ನನಗ ಅವತ್ತ ಗೊತ್ತಿತ್ತ್ರಿ," ಎಂದ. "ಅಲ್ಲಿ ಎಷ್ಟ ಮಂದಿ ಇದ್ರು?"

"ಒಂದಿನ್ನೂರು ಇರ್ಬೋದು."

"ಅವರಿಗೆಲ್ಲಾ ನನ್ನ ಹೆಸರು ಹೇಳಿದ್ರೇನು?"

"ಹೇಳ್ದೆ."

"ಅಷ್ಟ ದೂರ ಹೋಗಿ ಹೇಳಿ ಬಂದ್ರಿ. ನಾ ಇಲ್ಲೇ ಇದ್ನೆಲ್ರಿ. ಹನ್ನೊಂದ ವರ್ಷ. ಎರಡ ರಸ್ತೆ."

ಅವನು ಶಾರದಮ್ಮನ ಕಡೆ ತಿರುಗಿದ. "ನೀವೂ ಅಷ್ಟ ರೀ ಮೇಡಮ್ಮರ. ನಮ್ಮೂರ ಬೂದಿ, ನಮ್ಮವ್ವನ ಕೆಮ್ಮು ಅಂತ ಎಲ್ಲಾ ಕಡೆ ಹೇಳ್ತೀರಿ. ನನ್ನ ಒಂದ ದಿನಾನೂ ಕೇಳಿಲ್ಲ."

"ಏನ್ ಕೇಳ್ಬೇಕಿತ್ತು ಮಲ್ಲಪ್ಪ?" ಎಂದರು ಶಾರದಮ್ಮ, ಮೆಲ್ಲಗೆ.

"ನಿನಗ ಏನ ಬೇಕು ಅಂತ."

ಅವನು ಕೈ ತೊಳೆದು ಪಂಚೆಗೆ ಒರೆಸಿಕೊಂಡ. "ನಡೀರಿ, ನಿಮ್ಮ ಶೆಡ್ಡಿಗೆ ಹೋಗೂಣು," ಎಂದ. ಮೂವರೂ ನಡೆದೆವು. ಹನ್ನೊಂದು ವರ್ಷದ ಮೇಲೆ ಅವನು ನನ್ನ ಶೆಡ್ಡಿನೊಳಗೆ ಬಂದ. ಊಟದ ಹೊತ್ತಾದ್ದರಿಂದ ಪ್ರೆಸ್ಸುಗಳು ನಿಂತಿದ್ದವು. ಹುಡುಗರು ಡಬ್ಬಿ ಕೆಳಗಿಟ್ಟು ಎದ್ದು ನಿಂತರು. ಮಲ್ಲಪ್ಪ ಮೊದಲನೆಯ ಪ್ರೆಸ್ಸಿನ ಸ್ಟಾರ್ಟರು ಬಗ್ಗಿ ನೋಡಿದ. ಎರಡನೆಯದನ್ನು ನೋಡಿದ. ಮೂರನೆಯದರ ಮುಂದೆ ನಿಂತ. ಹಸಿರು ಗುಂಡಿಯ ಸಂದಿಯಲ್ಲಿ ಬೆಂಕಿಕಡ್ಡಿ ಇತ್ತು.

ನಾನಿಲ್ಲದ ದಿನಗಳಲ್ಲಿ ಸಿಗಿಸಿರಬೇಕು ಎಂದು ಹೇಳಬಹುದಿತ್ತು. ಆದರೆ ಹೊರಡುವ ಮೊದಲು ನಾನು ನೋಡಿರಲಿಲ್ಲ. ಎಷ್ಟು ವರ್ಷದಿಂದ ನೋಡಿರಲಿಲ್ಲ ಎಂದೂ ಹೇಳಲಾರೆ. ಕರೆಂಟು ಹೋದಾಗ ಮೇನ್ ಇಳಿಸುವುದನ್ನು ಕಲಿತಿದ್ದೆ, ಅಷ್ಟಕ್ಕೇ ನನ್ನ ಪ್ರಾಯಶ್ಚಿತ್ತ ಮುಗಿದಿತ್ತು.

ಅವನು ಅದನ್ನು ಎಡಗೈಯಲ್ಲಿ ಎಳೆದು ನನ್ನ ಅಂಗೈಯಲ್ಲಿಟ್ಟ.

"ಬೂದಿ ಹಾರಿಸದ ಕರೆಂಟ್ ಬಂದ್ರ ನಮ್ಮವ್ವಗ ಛಲೋ ಆಕ್ಕೈತ್ರಿ. ಬರಲಿ," ಎಂದ. "ಆದ್ರ ಮೊದಲ ಇದನ್ನ ತೆಗೀರಿ. ಯಾವ ಕರೆಂಟ್ ಬಂದ್ರೂ ಇದು ಇದ್ರ ಕೈ ಉಳಿಯೂದಿಲ್ಲ."

ಭಾನುವಾರ ಸಂಘದ ಸಭೆ. ಮಲ್ಲಪ್ಪನನ್ನು ಕರೆದಿದ್ದೆವು, ಬಂದು ಹಿಂದಿನ ಸಾಲಿನಲ್ಲಿ ಕೂತ. ಶಾರದಮ್ಮ ಎದ್ದು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ವರದಿ ಕೊಡಲು ಎದ್ದೆ. "ಹೆಂಗಿತ್ತು ಗೌಡ್ರೇ ಜರ್ಮನಿ? ಅಲ್ಲೂ ಗಂಟ್ಲು ಹರ್ಕೊಂಡ್ರಾ?" ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು.

ನಾನು ಜೇಬಿನಿಂದ ಬೆಂಕಿಕಡ್ಡಿ ತೆಗೆದು ಮೇಜಿನ ಮೇಲಿಟ್ಟೆ. ನಗು ನಿಂತಿತು. ಜರ್ಮನಿಯಲ್ಲಿ ಮೂರು ಭಾಷೆಯಲ್ಲಿ ವಿವರಿಸಬೇಕಾಗಿ ಬಂದದ್ದನ್ನು ಆ ಕೋಣೆಯಲ್ಲಿದ್ದ ಪ್ರೆಸ್ಸಿನವರಿಗೆ ಯಾರೂ ವಿವರಿಸಬೇಕಾಗಲಿಲ್ಲ.